ಬಚ್ಚಲೊಲೆಗೆ ಬಂದ ಸೈಲೆನ್ಸರು

ಮೈಸೂರಿನಲ್ಲಿ ಹುಟ್ಟಿ ಬೆಳೆದ ನನ್ನ ವಯಸ್ಸಿನ ಹೆಂಗಸರಿಗೆ ಯಾರೂ ಕಲಿಸದೆ ಬಂದ ಒಂದು ವಿದ್ಯೆಯಿದೆ. ಬೀದಿಯಲ್ಲಿ ಹೋಗುತ್ತಿರುವ ಮೋಟಾರ್ ಸೈಕಲ್ಲು ಯಾವುದೆಂದು ಅಡುಗೆಮನೆಯಲ್ಲಿ ಕೂತೇ ಹೇಳಬಲ್ಲೆವು. ಬುಲೆಟ್ಟಿನದು ನಿಧಾನವಾದ ಎದೆಬಡಿತ. ರಾಜದೂತಿನದು ಮುದುಕರ ಕೆಮ್ಮು. ಜಾವಾ, ಯೆಜ್ಡಿಗಳದು ಎರಡು ಕೊಳವೆಗಳಿಂದ ಒಟ್ಟಿಗೇ ಹೊರಡುವ, ತಾಳ ಹಾಕಿದಂಥ ಸದ್ದು. ಗಂಡಸರು ಗಾಡಿ ಓಡಿಸಿದರು, ನಾವು ಕೇಳಿಸಿಕೊಂಡೆವು. ಮೋಟಾರ್ ಸೈಕಲ್ಲಿನ ಕಥೆಯನ್ನು ಬಹುಮಟ್ಟಿಗೆ ಓಡಿಸಿದವರೇ ಹೇಳುತ್ತ ಬಂದಿದ್ದಾರೆ. ಕೇಳಿಸಿಕೊಂಡವರ ಕಡೆಯಿಂದಲೂ ಅದನ್ನೊಮ್ಮೆ ಹೇಳಬೇಕೆನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳಹೊರಟಿರುವುದು ದೊಡ್ಡ ಚರಿತ್ರೆಯೇನಲ್ಲ. ಕಂಪನಿಯವರು ಕೂರಿಸಿ ಕೊಟ್ಟ ಸೈಲೆನ್ಸರನ್ನೂ ಗಾಳಿ ಸೋಸುವ ಏರ್ ಫಿಲ್ಟರನ್ನೂ ಮನೆಯ ಹಿತ್ತಲಲ್ಲಿ ಬಿಚ್ಚಿ ಹಾಕಿಕೊಂಡು, ತಮಗೆ ತೋಚಿದಂತೆ ತಿದ್ದುವ ಪದ್ಧತಿಯೊಂದು ನಮ್ಮ ಹುಡುಗರಲ್ಲಿದೆ. ಈಗಿನ ಕಾಲದ ಹುಡುಗರು ಕೆಟ್ಟರು ಎಂದು ಬೀದಿಯ ಹಿರಿಯರು ಗೊಣಗುತ್ತಾರೆ. ಆದರೆ ಹಾಗೆ ಗೊಣಗುವ ಹಿರಿಯರಲ್ಲಿ ಎಷ್ಟೋ ಜನ ತಮ್ಮ ಕಾಲದಲ್ಲಿ ಇದನ್ನೇ ಮಾಡಿದವರು. ಆ ಪದ್ಧತಿಯ ಬೇರು ನಮ್ಮ ಊರಿನ ಮಟ್ಟಿಗೆ ಎಲ್ಲಿತ್ತು ಎಂದು ಹುಡುಕಿಕೊಂಡು ಹೋದರೆ, ಅದು ಬಚ್ಚಲುಮನೆಯ ಹಂಡೆಯ ಒಲೆಯ ಬಳಿಗೆ ಹೋಗಿ ನಿಲ್ಲುತ್ತದೆ.

ಜಾವಾ ನಮ್ಮೂರಿನದೇ ಹೆಸರೆಂದು ಚಿಕ್ಕಂದಿನಲ್ಲಿ ತಿಳಿದಿದ್ದೆವು. ಅದು ಚೆಕೊಸ್ಲೊವಾಕಿಯದ್ದು. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲಕ್ಷರಗಳನ್ನೂ ವಾಂಡರರಿನ ಮೊದಲಕ್ಷರಗಳನ್ನೂ ಜೋಡಿಸಿ ಗಾಡಿಗೆ ಹೆಸರಿಟ್ಟ. ಚೆಕ್ ಜನ ಅದನ್ನು ಯಾವಾ ಎನ್ನುತ್ತಾರೆ, ನಮ್ಮ ಬಾಯಲ್ಲಿ ಜಾವಾ ಆಯಿತು. ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿ ಅವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿದರು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರಲಾರಂಭಿಸಿದವು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಉದ್ಘಾಟನೆ ಮಾಡಿದ್ದರು. 1973ರಿಂದ ಗಾಡಿಯ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1976ರಲ್ಲಿ ತೆರೆಗೆ ಬಂದ ‘ನಾ ನಿನ್ನ ಮರೆಯಲಾರೆ’ ಚಿತ್ರದಲ್ಲಿ ರಾಜ್‌ಕುಮಾರ್ ಮೋಟಾರ್ ಸೈಕಲ್ ಏರಿ ಬಂದ ಮೇಲಂತೂ, ಗಾಡಿಯಿಲ್ಲದ ಹುಡುಗರೂ ಕೈಯಲ್ಲಿ ಆಕ್ಸಿಲರೇಟರ್ ತಿರುಗಿಸಿದ ಹಾಗೆ ಮಾಡಿಕೊಂಡು ಬೀದಿಯಲ್ಲಿ ನಡೆಯುತ್ತಿದ್ದರು.

ಈ ಗಾಡಿಗಳ ಎಂಜಿನ್ನು ಟೂ ಸ್ಟ್ರೋಕ್ ಜಾತಿಯದು. 250 ಸಿ.ಸಿ.ಯ ಒಂದೇ ಸಿಲಿಂಡರ್, ಆದರೆ ಹೊಗೆ ಹೋಗಲು ಎರಡು ದಾರಿ, ಎರಡು ಸೈಲೆನ್ಸರ್. ಇದಕ್ಕೆ ಬೇರೆಯಾಗಿ ಎಂಜಿನ್ ಆಯಿಲ್ ಹಾಕಿ ಪಿಸ್ಟನ್ನನ್ನು ನಯವಾಗಿಡುವ ಏರ್ಪಾಡಿಲ್ಲ. ಬಂಕಿನಲ್ಲಿ ಪೆಟ್ರೋಲಿಗೇ ಅಳತೆಯಿಂದ ಎಣ್ಣೆ ಬೆರೆಸುತ್ತಿದ್ದರು. ಆ ಎಣ್ಣೆ ಪೆಟ್ರೋಲಿನ ಜೊತೆಗೇ ಒಳಗೆ ಹೋಗಿ, ಮಾಡುವ ಕೆಲಸ ಮಾಡಿ, ಜೊತೆಗೇ ಉರಿದು, ನೀಲಿ ಹೊಗೆಯಾಗಿ ಹೊರಗೆ ಹೋಗುತ್ತಿತ್ತು. ಪೂರ್ತಿ ಉರಿಯದ್ದು ಜಿಡ್ಡುಮಸಿಯಾಗಿ ಸೈಲೆನ್ಸರಿನ ಒಳಗೆ ಕಟ್ಟಿಕೊಳ್ಳುತ್ತಿತ್ತು. ಕೆಲವು ಸಾವಿರ ಕಿಲೋಮೀಟರು ಓಡಿದ ಮೇಲೆ ಗಾಡಿ ಉಸಿರು ಕಟ್ಟಿದಂತಾಡುವುದು, ಏರು ಹತ್ತದಿರುವುದು. ಆಗ ಮಸಿ ತೆಗೆಯಲೇಬೇಕು. ಇದು ತಿಳಿದೇ ಕಂಪನಿಯವರು ಸೈಲೆನ್ಸರಿನ ಒಳಗಿನ ಭಾಗವನ್ನು ಬಿಚ್ಚಿ ಹೊರಗೆಳೆಯಲು ಬರುವಂತೆ ಮಾಡಿದ್ದರು. ತೂತುತೂತಾದ ಕೊಳವೆ, ಅದಕ್ಕೆ ಅಡ್ಡವಾಗಿ ಬಿಲ್ಲೆಗಳು. ಗ್ಯಾರೇಜಿನವರು ಅದನ್ನು ಬ್ಯಾಫಲ್ ಎನ್ನುತ್ತಿದ್ದರು, ನಮ್ಮ ಮನೆಯಲ್ಲಿ ಅದಕ್ಕೆ ‘ಕೊಳಲು’ ಎಂದೇ ಹೆಸರು.

ಆ ಕೊಳಲಿನ ಮಸಿ ಸುಡುವುದಕ್ಕೆ ಭಾನುವಾರ ಬೆಳಗಿನ ಹಂಡೆಯ ಒಲೆಗಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ? ಎಲ್ಲರ ಸ್ನಾನವಾದ ಮೇಲೆ, ಸೌದೆ ಕೆಂಡವಾಗಿದ್ದಾಗ, ಅಣ್ಣ ಆ ಎರಡು ಕೊಳಲುಗಳನ್ನು ಒಲೆಗೆ ತೂರಿಸುತ್ತಿದ್ದ. ಬಚ್ಚಲುಮನೆಯೆಲ್ಲ ಎಣ್ಣೆ ಸುಟ್ಟ ವಾಸನೆ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಇನ್ನು ಮುಂದಿನ ಭಾನುವಾರದ ತನಕ ನೀರೆಲ್ಲ ಪೆಟ್ರೋಲ್ ನಾತ ಕಣೋ” ಎನ್ನುವಳು. ಕೆಂಪಗೆ ಕಾದ ಕೊಳಲನ್ನು ಇಕ್ಕಳದಲ್ಲಿ ಹಿಡಿದು ತಂದು, ಆರಿದ ಮೇಲೆ ಒಗೆಯುವ ಕಲ್ಲಿಗೆ ತಟ್ಟಿದರೆ ಮಸಿ ಹಪ್ಪಳದಂತೆ ಉದುರುತ್ತಿತ್ತು. ಅದನ್ನು ಗುಡಿಸುವ ಕೆಲಸ ನನ್ನದು.

ಈಗ ಯೋಚಿಸಿದರೆ ಅಲ್ಲೇ ಇದ್ದದ್ದು ಬೇರು. ಕೊಳಲು ಒಲೆಯಲ್ಲಿ ಕಾಯುತ್ತಿದ್ದಾಗ ಯಾವನೋ ಒಬ್ಬ ಹುಡುಗ, ಬರೀ ಟೊಳ್ಳು ಸೈಲೆನ್ಸರಿನಲ್ಲೇ ಗಾಡಿ ಹೇಗೆ ಓಡುತ್ತದೋ ನೋಡೋಣ ಎಂದು ಕಿಕ್ ಹೊಡೆದಿರಬೇಕು. ಬೀದಿ ನಡುಗಿರಬೇಕು. ಮಸಿ ತೆಗೆದ ಗಾಡಿ ಹೇಗೂ ಹಗುರವಾಗಿ ಓಡುತ್ತದೆ. ಅವನು ಆ ಹಗುರವನ್ನು ಕೊಳಲಿಲ್ಲದ್ದರ ಲೆಕ್ಕಕ್ಕೆ ಹಾಕಿಬಿಟ್ಟ. ಶುಚಿ ಮಾಡಲೆಂದು ತೆಗೆದದ್ದು ತಿರುಗಿ ಒಳಗೆ ಹೋಗಲಿಲ್ಲ. ಹೀಗೆ ಮನೆಗೆಲಸವೊಂದು ಷೋಕಿಯಾಯಿತು. ನಮ್ಮ ಬೀದಿಯೊಂದರಲ್ಲೇ ಕೊಳಲಿಲ್ಲದ ಮೂರು ಗಾಡಿಗಳಿದ್ದವು.

ಸದ್ದೇ ಶಕ್ತಿ ಎಂಬ ಈ ನಂಬಿಕೆ ನಮ್ಮ ಹುಡುಗರ ಆವಿಷ್ಕಾರವೇನಲ್ಲ, ಅದು ಮೋಟಾರಿನಷ್ಟೇ ಹಳೆಯದು. ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಪಟ್ಟಣದ ಮಿಲ್ಟನ್ ರೀವ್ಸ್ ಮತ್ತು ಮಾರ್ಷಲ್ ರೀವ್ಸ್ ಎಂಬ ಅಣ್ಣತಮ್ಮಂದಿರು 1897ರಲ್ಲೇ ಎಂಜಿನ್ನಿನ ಸದ್ದಡಗಿಸುವ ಸಲಕರಣೆಗೆ ಪೇಟೆಂಟ್ ಪಡೆದರು. ಕುದುರೆಗಾಡಿಗಳ ನಡುವೆ ಮೋಟಾರು ಓಡಬೇಕಾಗಿದ್ದ ಕಾಲ, ಸದ್ದಿಗೆ ಕುದುರೆಗಳು ಬೆದರಿ ಓಡುತ್ತಿದ್ದವು. ಸದ್ದಡಗಿಸುವ ಡಬ್ಬಿ ಬಂದ ಸ್ವಲ್ಪ ಕಾಲಕ್ಕೇ ಅದನ್ನು ತಪ್ಪಿಸುವ ಉಪಾಯವೂ ಬಂತು. 1900ರ ನಂತರದ ವರ್ಷಗಳಲ್ಲಿ ಎಷ್ಟೋ ಕಾರುಗಳಲ್ಲಿ ‘ಕಟೌಟ್’ ಎಂಬ ಬಾಗಿಲು ಇರುತ್ತಿತ್ತು. ಕಾಲಿನಿಂದ ಒತ್ತಿದರೆ ಹೊಗೆ ಡಬ್ಬಿಗೆ ಹೋಗದೆ ನೇರವಾಗಿ ಹೊರಗೆ ಬರುತ್ತಿತ್ತು. ದಿಬ್ಬ ಹತ್ತುವಾಗ ಬಲ ಬರಲಿ ಎಂಬುದು ಹೇಳಿಕೊಳ್ಳುವ ಕಾರಣ. ಊರೊಳಗಿನ ಸಮತಟ್ಟು ರಸ್ತೆಯಲ್ಲೂ ಜನ ಅದನ್ನು ತೆರೆದೇ ಓಡಾಡಿದ್ದರಿಂದ ಅಲ್ಲಿನ ಎಷ್ಟೋ ನಗರಗಳು ಕಟೌಟನ್ನು ನಿಷೇಧಿಸಬೇಕಾಯಿತು. ಕಾರಣ ಒಂದು, ಸುಖ ಇನ್ನೊಂದು. ನೂರು ವರ್ಷವಾದರೂ ಇದು ಬದಲಾಗಿಲ್ಲ.

ಸೈಲೆನ್ಸರಿನ ಜೊತೆಗೇ ಹೇಳಬೇಕಾದ್ದು ಏರ್ ಫಿಲ್ಟರಿನ ಸಮಾಚಾರ. ಎಂಜಿನ್ನಿನ ಒಂದು ತುದಿ ಸೈಲೆನ್ಸರಾದರೆ ಇನ್ನೊಂದು ತುದಿ ಇದು. ಹಿಟ್ಟಿಗೆ ಜರಡಿ ಇದ್ದ ಹಾಗೆ ಗಾಳಿಗೆ ಇದು ಜರಡಿ. ಕೆಲವು ಗಾಡಿಗಳಲ್ಲಿ ತಂತಿಯ ಜಾಲರಿ, ಕೆಲವದರಲ್ಲಿ ಮಡಿಕೆ ಮಡಿಕೆಯ ಕಾಗದ, ಕೆಲವದರಲ್ಲಿ ಎಣ್ಣೆ ಸವರಿದ ಸ್ಪಂಜು. ರಸ್ತೆಯ ದೂಳು ಸಿಲಿಂಡರಿಗೆ ಹೋದರೆ ಮರಳು ಕಾಗದದಲ್ಲಿ ಉಜ್ಜಿದಂತೆ ಅದರ ಗೋಡೆ ಸವೆಯುತ್ತದೆ. ಅದನ್ನು ತಡೆಯುವುದಕ್ಕೆ ಈ ಜರಡಿ. ಹೊಗೆ ಸರಾಗವಾಗಿ ಹೊರಗೆ ಹೋಗುತ್ತಿದೆ, ಗಾಳಿಯೂ ಸರಾಗವಾಗಿ ಒಳಗೆ ಬರಲಿ ಎಂದು ಹುಡುಗರು ಜರಡಿಯನ್ನೂ ಕಿತ್ತರು. ಕೇಳುವುದಕ್ಕೆ ಈ ಲೆಕ್ಕ ಸರಿಯಾಗಿಯೇ ಇದೆ.

ಎಲ್ಲಿ ತಪ್ಪುತ್ತದೆ ಎಂಬುದು ಒಲೆಯ ಮುಂದೆ ಕೂತವರಿಗೆ ಬೇಗ ಅರ್ಥವಾಗುತ್ತದೆ. ಪಂಪ್ ಸ್ಟೌ ಬಳಸಿದ ಹೆಂಗಸರನ್ನು ಕೇಳಿ. ಸೀಮೆಎಣ್ಣೆ ಹೆಚ್ಚಾಗಿ ಗಾಳಿ ಸಾಲದಿದ್ದರೆ ಹಳದಿ ಉರಿ, ಪಾತ್ರೆಗೆಲ್ಲ ಮಸಿ. ಹದವಾಗಿದ್ದರೆ ನೀಲಿ ಉರಿ. ಆ ಹದ ಇರುವುದು ಬರ್ನರಿನ ಸಣ್ಣ ತೂತಿನಲ್ಲಿ, ಅದಕ್ಕೇ ನಾವು ಸದಾ ಪಿನ್ ಹಿಡಿದುಕೊಂಡಿರುತ್ತಿದ್ದೆವು. ಮೋಟಾರ್ ಸೈಕಲ್ಲಿನ ಕಾರ್ಬ್ಯುರೇಟರಿನಲ್ಲೂ ಅಂಥದೇ ತೂತಿರುವ ಹಿತ್ತಾಳೆಯ ತುಂಡೊಂದಿದೆ. ಅದರ ಹೆಸರು ಮೇನ್ ಜೆಟ್. ಜರಡಿಯ ಮೂಲಕ ಎಷ್ಟು ಗಾಳಿ ಬರುತ್ತದೆ, ಅದಕ್ಕೆ ಎಷ್ಟು ಪೆಟ್ರೋಲು ಬೇಕು ಎಂದು ಅಳೆದೇ ಕಂಪನಿಯವರು ಆ ತೂತು ಕೊರೆದಿರುತ್ತಾರೆ. ಜರಡಿ ಕಿತ್ತು ಗಾಳಿ ಹೆಚ್ಚಾದರೆ, ಜೆಟ್ಟಿನ ತೂತೂ ದೊಡ್ಡದಾಗಬೇಕು. ಇಲ್ಲದಿದ್ದರೆ ಪೆಟ್ರೋಲು ಸಾಲದ ಉರಿಯಾಗುತ್ತದೆ. ಕೆಂಡಕ್ಕೆ ಊದುಗೊಳವೆ ಹಿಡಿದಾಗ ಅದು ಹೇಗೆ ಬೆಳ್ಳಗೆ ಕಾಯುತ್ತದೋ, ಸಿಲಿಂಡರೂ ಹಾಗೆ ಮಿತಿಮೀರಿ ಕಾಯತೊಡಗುತ್ತದೆ.

ಟೂ ಸ್ಟ್ರೋಕ್ ಗಾಡಿಗೆ ಇದು ಇಮ್ಮಡಿ ಪೆಟ್ಟು. ಅದರಲ್ಲಿ ಎಣ್ಣೆಯಿರುವುದು ಪೆಟ್ರೋಲಿನಲ್ಲೇ ಎಂದು ಆಗಲೇ ಹೇಳಿದೆನಷ್ಟೆ. ಉರಿಗೆ ಬೇಕಾದಷ್ಟು ಪೆಟ್ರೋಲು ಬರದಿದ್ದರೆ ಪಿಸ್ಟನ್ನಿಗೆ ಬೇಕಾದಷ್ಟು ಎಣ್ಣೆಯೂ ಬರುವುದಿಲ್ಲ. ಒಂದು ಕಡೆ ಕಾವು ಹೆಚ್ಚು, ಇನ್ನೊಂದು ಕಡೆ ಜಿಡ್ಡು ಕಡಿಮೆ. ಕಾದು ಉಬ್ಬಿದ ಪಿಸ್ಟನ್ನು ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಇದಕ್ಕೆ ಗ್ಯಾರೇಜಿನಲ್ಲಿ ‘ಸೀಜ್ ಆಯಿತು’ ಎನ್ನುತ್ತಾರೆ. ತಿಳಿದ ಮೆಕ್ಯಾನಿಕ್ಕುಗಳು ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡುತ್ತಿದ್ದರು. ಹದವಾಗಿ ಬೆಂದ ದೋಸೆಯ ಕಂದು ಬಣ್ಣವಿದ್ದರೆ ಸರಿ. ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗಿದ್ದರೆ ಅಪಾಯ, ಗಾಡಿ ಹೊರಗೆ ತೆಗೆಯಬಾರದು. ಈ ವಿದ್ಯೆ ತಿಳಿದು, ಜೆಟ್ ಬದಲಾಯಿಸಿ, ಪ್ಲಗ್ ನೋಡಿ, ಮತ್ತೆ ಜೆಟ್ ಬದಲಾಯಿಸಿ ಗಾಡಿ ತಿದ್ದುವವರು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಇದ್ದರು. ಮದರಾಸಿನ ಬಳಿಯ ಶೋಲಾವರಂನ ಹಳೆಯ ವಿಮಾನದ ಓಡುದಾರಿಯಲ್ಲಿ ನಡೆಯುತ್ತಿದ್ದ ರೇಸುಗಳಿಗೆ ಗಾಡಿ ಸಿದ್ಧಮಾಡುವುದು ಹುಡುಗಾಟವಾಗಿರಲಿಲ್ಲ. ಹಿತ್ತಲಿನ ಹುಡುಗರು ಅವರಿಂದ ಸದ್ದನ್ನು ಮಾತ್ರ ಕಲಿತರು, ಪ್ಲಗ್ ನೋಡುವ ತಾಳ್ಮೆಯನ್ನು ಕಲಿಯಲಿಲ್ಲ.

ನನ್ನ ಅಣ್ಣ ಬಿ.ಎಸ್‌ಸಿ. ಮುಗಿಸಿ ಕೆಲಸಕ್ಕಾಗಿ ಕಾಯುತ್ತಿದ್ದ ಕಾಲ. ಸೋದರಮಾವನಿಂದ ಬಂದ ಹಳೆಯ ಯೆಜ್ಡಿಯೊಂದೇ ಅವನ ಆಸ್ತಿ. ಮನೆಯಲ್ಲಿ ಮಾತೆಲ್ಲ ಹಿರಿಯರದು. ಊಟಕ್ಕೆ ಕೂತರೆ ಕೆಲಸ ಸಿಕ್ಕಿತೇ ಎಂಬ ಪ್ರಶ್ನೆ, ಎದ್ದರೆ ಅದೇ ಪ್ರಶ್ನೆ. ಅವನು ಜೋರಾಗಿ ಆಡಬಹುದಾಗಿದ್ದ ಒಂದೇ ಮಾತು ಆ ಗಾಡಿಯ ಸದ್ದು ಎಂದು ನನಗೆ ಈಗ ಅನ್ನಿಸುತ್ತದೆ. 1984ರ ಬೇಸಿಗೆಯಲ್ಲಿ ಅವನೂ ಕೊಳಲು ಕಿತ್ತ. ಕೆಲವು ತಿಂಗಳಾದ ಮೇಲೆ ಜರಡಿಯನ್ನೂ ಕಿತ್ತ. ಜೆಟ್ಟಿನ ತಂಟೆಗೆ ಹೋಗಲಿಲ್ಲ.

ಆಗ ನಮ್ಮಜ್ಜಿಗೆ ಲಕ್ವ ಹೊಡೆದು ಬೀದಿ ಕಡೆಯ ಕೋಣೆಯಲ್ಲಿ ಮಲಗಿದ್ದರು. ಗಾಡಿ ಬಾಗಿಲಿಗೆ ಬಂದಾಗಲೆಲ್ಲ ಅವರ ಸ್ವಾಧೀನವಿದ್ದ ಬಲಗೈ ಬೆಚ್ಚಿ ಮೇಲೆದ್ದು ಹಾಸಿಗೆಯ ಮೇಲೆ ಬೀಳುತ್ತಿತ್ತು. ಮಾತು ಹೊರಡುತ್ತಿರಲಿಲ್ಲವಾದ್ದರಿಂದ ಬೇಡವೆಂದು ಹೇಳಲೂ ಅವರಿಂದಾಗುತ್ತಿರಲಿಲ್ಲ. ಅಮ್ಮ ಅಣ್ಣನೊಂದಿಗೆ ಜಗಳವಾಡಲಿಲ್ಲ. “ಬೀದಿ ತಿರುವಿನಲ್ಲೇ ಆರಿಸಿ ತಳ್ಳಿಕೊಂಡು ಬಾರಪ್ಪ, ಅಜ್ಜಿ ಬೆಚ್ಚಿಬೀಳ್ತಾರೆ” ಎಂದಳು. ಅವನು ಹಾಗೇ ಮಾಡಿದ. ಆದರೆ ಮಿಕ್ಕ ಮನೆಗಳ ಮುಂದೆ ಆರಿಸುತ್ತಿರಲಿಲ್ಲ. ಆ ಮನೆಗಳಲ್ಲಿ ಯಾರು ಮಲಗಿದ್ದರೋ, ಯಾವ ಕೂಸು ಆಗ ತಾನೇ ಕಣ್ಣು ಮುಚ್ಚಿತ್ತೋ ನಮಗೆ ಗೊತ್ತಿರಲಿಲ್ಲ.

1985ರ ಮಾರ್ಗಶಿರದಲ್ಲಿ ಅಮ್ಮ ಅವನ ಹಿಂದೆ ಕೂತು ನಂಜನಗೂಡಿಗೆ ಹೋದಳು. ಅಜ್ಜಿಯ ಹೆಸರಿನಲ್ಲಿ ಶ್ರೀಕಂಠೇಶ್ವರನಿಗೆ ಹರಕೆಯಿತ್ತು. ವಾಪಸು ಬರುವಾಗ ಕಡಕೊಳ ದಾಟಿದ ಮೇಲೆ ಸದ್ದು ಬದಲಾದದ್ದು ಅಮ್ಮನಿಗೆ ತಿಳಿಯಿತು. ತಾಳದಂತಿದ್ದದ್ದು ಕಿಣಿಕಿಣಿ ಎನ್ನತೊಡಗಿತು. ನೀರಿಲ್ಲದ ಪಾತ್ರೆ ಒಲೆಯ ಮೇಲೆ ಕಾದಾಗ ಬರುವಂಥ ಒಣ ಸದ್ದು ಎಂದು ಆಮೇಲೆ ನಮಗೆ ವಿವರಿಸಿದಳು. ಅವನ ಭುಜ ತಟ್ಟಿ, “ಸದ್ದು ಒಣಗ್ತಿದೆ ಕಣೋ, ಸ್ವಲ್ಪ ನಿಲ್ಲಿಸು” ಎಂದಳಂತೆ. “ಇನ್ನೇನು ಊರು ಬಂತಲ್ಲಮ್ಮ” ಎಂದನಂತೆ ಅವನು. ಅರ್ಧ ಮೈಲಿ ಹೋಗುವುದರೊಳಗೆ ಪಿಸ್ಟನ್ನು ಕಚ್ಚಿಕೊಂಡಿತು. ಹಿಂದಿನ ಚಕ್ರ ಹಾಗೇ ನಿಂತು, ಗಾಡಿ ರಸ್ತೆಯಲ್ಲಿ ಜಾರಿ ಪಕ್ಕದ ಮಣ್ಣಿಗೆ ಉರುಳಿತು. ಅಣ್ಣನಿಗೆ ಮೊಣಕಾಲು ತರಚಿತ್ತು. ಅಮ್ಮ ನೆಲಕ್ಕೆ ಊರಿದ ಬಲಗೈಯ ಮಣಿಕಟ್ಟು ಮುರಿದಿತ್ತು.

ಮೂಳೆ ಕೂಡಿಕೊಂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಆ ಕೈಯಲ್ಲಿ ಅಮ್ಮ ಮುಂದೆ ರುಬ್ಬುಗುಂಡು ತಿರುಗಿಸಲಿಲ್ಲ. ಆ ಕೆಲಸ ನನಗೆ ಬಂತು, ನಾನು ಮದುವೆಯಾಗಿ ಹೋದ ಮೇಲೆ ಅಣ್ಣನಿಗೇ ಹೋಯಿತು. ಗಾಡಿಗೆ ಸಿಲಿಂಡರ್ ಕೊರೆಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿಸಬೇಕಾಯಿತು. ಅದಕ್ಕೆ ಖರ್ಚಾದದ್ದು ಅಮ್ಮನ ಚೀಟಿಯ ಹಣ. ಮೆಕ್ಯಾನಿಕ್ ಹಳೆಯ ಪ್ಲಗ್ಗನ್ನು ಅಣ್ಣನ ಅಂಗೈಯಲ್ಲಿಟ್ಟನಂತೆ. ಸುಣ್ಣದ ಹಾಗೆ ಬೆಳ್ಳಗಿತ್ತು. ಯಾರೂ ಏನೂ ಹೇಳುವ ಮೊದಲೇ ಅಣ್ಣ ಅಟ್ಟದಿಂದ ಕೊಳಲುಗಳನ್ನು ಇಳಿಸಿ, ಕೆರೆದು, ತಾನೇ ಒಳಗೆ ಕೂರಿಸಿದ. ಜರಡಿಯೂ ತನ್ನ ಜಾಗಕ್ಕೆ ಬಂತು. ಮೆಕ್ಯಾನಿಕ್ಕಿಗಿಂತ ಮೊದಲೇ, ಪ್ಲಗ್ ನೋಡದೆಯೇ, ಗಾಡಿಯ ರೋಗ ಹಿಡಿದವಳು ಕ್ಲಚ್ಚು ಯಾವುದೆಂದು ಕೂಡ ತಿಳಿಯದ ಅಮ್ಮ. ಕೇಳಿಸಿಕೊಂಡವರಿಗೆ ತಿಳಿದಿರುತ್ತದೆ ಎಂದು ನಾನು ಹೇಳುವುದು ಇದನ್ನು ನೆನೆದೇ.

ಟೊಳ್ಳು ಸೈಲೆನ್ಸರಿನಿಂದ ಗಾಡಿಗೆ ಬಲ ಬರುವುದೇ ಸುಳ್ಳೆ ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರ ದೂರದ ಪೂರ್ವ ಜರ್ಮನಿಯಲ್ಲಿದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೋಗುವ ಕಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲು ಗಾಳಿ ಒಳಗೆ ಬರುತ್ತದೆ. ಬಂದದ್ದರಲ್ಲಿ ಒಂದು ಪಾಲು ಉರಿಯದೆ ಹಾಗೇ ಹೊಗೆಯ ಜೊತೆ ಹೊರಟುಹೋಗುತ್ತದೆ. 1950ರ ದಶಕದಲ್ಲಿ ತ್ಶೋಪಾವ್ ಎಂಬ ಊರಿನ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು ಇದಕ್ಕೊಂದು ಉಪಾಯ ಪಳಗಿಸಿದ. ಹೊಗೆಯ ಕೊಳವೆಯನ್ನು ಮೊದಲು ಅಗಲವಾಗಿ, ಆಮೇಲೆ ಕಿರಿದಾಗಿ, ಸರಿಯಾದ ಉದ್ದಕ್ಕೆ ಮಾಡಿದರೆ, ಹೊರಟ ಸದ್ದಿನ ಅಲೆಯೇ ಗೋಡೆಗೆ ತಾಗಿ ಹಿಂದಿರುಗುತ್ತದೆ. ಹಾಗೆ ಹಿಂದಿರುಗಿ, ತಪ್ಪಿಸಿಕೊಂಡು ಹೋಗುತ್ತಿದ್ದ ಪೆಟ್ರೋಲನ್ನು ಸಿಲಿಂಡರಿನೊಳಕ್ಕೆ ತಳ್ಳುತ್ತದೆ. 1961ರಲ್ಲಿ ಅವನ 125 ಸಿ.ಸಿ. ರೇಸ್ ಗಾಡಿ 25 ಅಶ್ವಶಕ್ತಿ ಕೊಟ್ಟಿತು. ನಮ್ಮ 250 ಸಿ.ಸಿ. ರೋಡ್‌ಕಿಂಗಿನದು 16. ಬಲ ಇದ್ದದ್ದು ಕೊಳವೆಯ ಆಕಾರದಲ್ಲಿ. ಒಳಗಿರುವುದನ್ನು ಕಿತ್ತು ಟೊಳ್ಳು ಮಾಡಿದರೆ, ಅಳೆದಿಟ್ಟ ಅಲೆಯ ಲೆಕ್ಕ ತಪ್ಪಿ, ಎಷ್ಟೋ ಸಲ ಇದ್ದ ಬಲವೂ ಕಡಿಮೆಯಾಗುತ್ತದೆ.

ಆ ಗುಟ್ಟು ಹೊರಬಿದ್ದ ಬಗೆಯೂ ಕೇಳುವಂಥದು. ಎಂ.ಜೆಡ್. ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ 1961ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರೇಸಿಗೆ ಹೋದವನು ತಿರುಗಿ ಪೂರ್ವ ಜರ್ಮನಿಗೆ ಬರಲಿಲ್ಲ. ಅದೇ ಹೊತ್ತಿಗೆ ಅವನ ಹೆಂಡತಿ ಮಕ್ಕಳು ಕಾರಿನಲ್ಲಿ ಅಡಗಿ ಗಡಿ ದಾಟಿದರು. ಬರ್ಲಿನ್ ಗೋಡೆ ಎದ್ದು ಆಗಿನ್ನೂ ಸುಮಾರು ಒಂದು ತಿಂಗಳು. ಡೆಗ್ನರ್ ಜಪಾನಿನ ಸುಜುಕಿ ಕಂಪನಿ ಸೇರಿ, ಮರುವರ್ಷವೇ 50 ಸಿ.ಸಿ. ವಿಭಾಗದ ವಿಶ್ವ ಚಾಂಪಿಯನ್ ಆದ. ಮುಂದೆ ಜಪಾನಿನ ಟೂ ಸ್ಟ್ರೋಕ್ ಗಾಡಿಗಳು ಜಗತ್ತನ್ನು ತುಂಬಿದವು. ನಮ್ಮಲ್ಲಿಗೂ 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. ಬರೀ 98 ಸಿ.ಸಿ., 11 ಅಶ್ವಶಕ್ತಿ, ಕೂಗು ಮಾತ್ರ ಕಿವಿ ಸೀಳುವಂಥದು. ಕೊಳಲು ಕೀಳುವ ಹಳೆಯ ವಿದ್ಯೆಯನ್ನು ಹುಡುಗರು ಆ ಗಾಡಿಗೂ ಹಚ್ಚಿದರು. 1996ರಲ್ಲಿ ಆರ್‌ಎಕ್ಸ್ 100 ನಿಂತಿತು. ಅದೇ ವರ್ಷ ನಮ್ಮ ಐಡಿಯಲ್ ಜಾವಾ ಕಾರ್ಖಾನೆಯೂ ಬಾಗಿಲು ಹಾಕಿತು. ಗಾಡಿಗಳ ಮಾತು ಹಾಗಿರಲಿ, ಅಲ್ಲಿ ದುಡಿಯುತ್ತಿದ್ದವರ ಮನೆಗಳಲ್ಲಿ ಹೆಂಗಸರು ಹೊಲಿಗೆ ಮಷೀನು, ಹಪ್ಪಳ ಸಂಡಿಗೆಗಳನ್ನು ನೆಚ್ಚಿಕೊಳ್ಳಬೇಕಾಯಿತು.

ಕೇಳಿಸಿಕೊಳ್ಳುವವರನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಂಡದ್ದು ಮೆಲ್ಲಮೆಲ್ಲಗೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸಬಾರದೆಂದಿತು. 1989ರ ಕೇಂದ್ರ ನಿಯಮಗಳು ಪ್ರತಿ ಮೋಟಾರು ಗಾಡಿಗೂ ಸೈಲೆನ್ಸರ್ ಇರಲೇಬೇಕೆಂದವು. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳು ಜನವಸತಿಯ ಜಾಗಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೆರೆ ಎಳೆದವು. ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಕರೆದು, ಅಲ್ಲಿಗೆ ಹಗಲು 50, ರಾತ್ರಿ 40 ಎಂದವು. ಡೆಸಿಬೆಲ್ಲಿನ ಲೆಕ್ಕ ಸೇರು ಪಾವಿನ ಲೆಕ್ಕದಂತಲ್ಲ. 10 ಹೆಚ್ಚಾದರೆ ಸದ್ದಿನ ಶಕ್ತಿ 10 ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟಾಗಿ ಕೇಳುತ್ತದೆ. 2019ರ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದೆ ಗಾಡಿ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು ಸೇರಿತು. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಬಿಚ್ಚಿಸಿದ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿರುತ್ತೀರಿ.

ಗಾಡಿಗಳೂ ಬದಲಾಗಿವೆ. ಹೊಗೆಯ ನಿಯಮಗಳು ಬಿಗಿಯಾದಂತೆಲ್ಲ ಟೂ ಸ್ಟ್ರೋಕ್ ಮೋಟಾರ್ ಸೈಕಲ್ಲುಗಳು ಅಂಗಡಿಗಳಿಂದ ಮರೆಯಾದವು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಗಾಡಿಗಳ ಸೈಲೆನ್ಸರಿನ ದಾರಿಯಲ್ಲಿ, ವಿಷದ ಗಾಳಿಯನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂತಿದೆ. ಪೆಟ್ರೋಲಿನ ಅಳತೆಯನ್ನು ಬಹುತೇಕ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಈಗ ಕಂಪನಿಯ ಸೈಲೆನ್ಸರ್ ಕಿತ್ತು ಬೇರೆಯದು ಹಾಕಿದರೆ, ಸದ್ದಿನ ಜೊತೆಗೆ ಆ ಜರಡಿಯೂ ಹೋಗುವ ಸಂಭವವಿದೆ. ಸದ್ದಾದರೂ ಬೀದಿ ದಾಟಿದ ಮೇಲೆ ನಿಲ್ಲುತ್ತದೆ, ಹೊಗೆ ಹಾಗೆ ನಿಲ್ಲುವುದಿಲ್ಲ. ಗಾಳಿಯ ಜರಡಿಯ ಬದಲು ಗಾಡಿಗೆ ನೇರವಾಗಿ ಸಿಕ್ಕಿಸುವ ಬಣ್ಣಬಣ್ಣದ ಫಿಲ್ಟರುಗಳು ಬಂದಿವೆ. ತಿದ್ದುವ ಕಂಪ್ಯೂಟರ್ ಪೆಟ್ಟಿಗೆಗಳೂ ಬಂದಿವೆ. ಹಿತ್ತಲಿಲ್ಲದ ಮನೆಗಳ ಹುಡುಗರು ಪಾರ್ಕಿಂಗಿನಲ್ಲೇ ಕೂತು ಬಿಚ್ಚುತ್ತಾರೆ. ಬಚ್ಚಲೊಲೆ ಹೋಯಿತು, ಆಸೆ ಉಳಿದಿದೆ.

ಆ ಆಸೆಯನ್ನು ನಾನು ಹಳಿಯಲಾರೆ. ಕೈಯಿಂದ ಒಂದು ಯಂತ್ರವನ್ನು ಬಿಚ್ಚಿ ಅರ್ಥ ಮಾಡಿಕೊಳ್ಳುವುದು ದೊಡ್ಡ ವಿದ್ಯೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಹಳೆಯ ಗಾಡಿಗಳವರು ಒಟ್ಟುಗೂಡುತ್ತಾರೆ. ಅರವತ್ತು ವರ್ಷ ಹಳೆಯ ಎಂಜಿನ್ನನ್ನು ಇನ್ನೂ ಉಸಿರಾಡಿಸುತ್ತಿರುವ ಆ ಕೈಗಳ ಬಗ್ಗೆ ನನಗೆ ಗೌರವವಿದೆ. ಈಚೀಚೆಗೆ ಅಂಥ ಕೂಟಗಳಲ್ಲಿ ಗಾಡಿ ಓಡಿಸಿಕೊಂಡು ಬರುವ ಹೆಣ್ಣುಮಕ್ಕಳೂ ಕಾಣುತ್ತಾರೆ. ಓಡಿಸುವವರು, ಕೇಳಿಸಿಕೊಳ್ಳುವವರು ಎಂಬ ಹಳೆಯ ಪಾಲು ಕೊನೆಗೂ ಅಳಿಸುತ್ತಿರುವುದು ನನಗೆ ಸಂತೋಷವೇ. ಆ ಹುಡುಗಿಯರು ತಮ್ಮ ಗಾಡಿಯ ಕೊಳಲನ್ನು ಏನು ಮಾಡುತ್ತಾರೋ ನೋಡಬೇಕು.

ನಿಮ್ಮ ಮಗನೋ ಮಗಳೋ ನಾಳೆ ಹೊಸ ಸೈಲೆನ್ಸರಿಗೆಂದು ದುಡ್ಡು ಕೇಳಿದರೆ ಬಯ್ಯಬೇಡಿ. ಎರಡು ಪ್ರಶ್ನೆ ಕೇಳಿ. ಗಾಳಿ ಹೆಚ್ಚಾದರೆ ಪೆಟ್ರೋಲಿನ ಅಳತೆಯನ್ನು ಹೇಗೆ ಸರಿಮಾಡುತ್ತೀ ಎಂಬುದು ಮೊದಲನೆಯದು. ನಮ್ಮ ಬೀದಿಯಲ್ಲಿ ಯಾವ ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ ಗೊತ್ತೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಬಂದರೂ ಬರಬಹುದು, ಈಗಿನ ಮಕ್ಕಳು ಜಾಣರು. ಎರಡನೆಯದಕ್ಕೆ ಉತ್ತರ ಬೇಕಾದರೆ ಅವರು ಗಾಡಿಯಿಂದಿಳಿದು ಬೀದಿಯಲ್ಲಿ ಒಮ್ಮೆ ನಡೆದು ಬರಬೇಕಾಗುತ್ತದೆ.